ಹೊಸ ಗಿಟಾರೋ, ಚಾಚಾ ಅವರ ಹಳೆಯ ಗಿಟಾರೋ? ಸೊನೊಮೀಟರ್ ಕೊಟ್ಟ ಉತ್ತರ



ನಮ್ಮ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸೊನೊಮೀಟರ್ ಎಂಬ ಉದ್ದನೆಯ ಮರದ ಪೆಟ್ಟಿಗೆ ಇದೆಯಲ್ಲ, ಹೆಚ್ಚಿನವರು ಅದನ್ನು ರೆಕಾರ್ಡ್ ಬುಕ್ ತುಂಬಿಸಲು ಮಾತ್ರ ಮುಟ್ಟುತ್ತೇವೆ. ಪ್ರಥಮ ಪಿಯುಸಿಯಲ್ಲಿ ನಾನೂ ಹಾಗೆಯೇ ಮಾಡಿದ್ದೆ. ಆದರೆ ಈ ಬೇಸಿಗೆಯಲ್ಲಿ ನಾನು ದುಡಿದ ಒಂಬತ್ತು ಸಾವಿರ ರೂಪಾಯಿ ಎಲ್ಲಿಗೆ ಹೋಗಬೇಕು ಎಂಬುದನ್ನು ತೀರ್ಮಾನಿಸಿದ್ದು ಅದೇ ಪೆಟ್ಟಿಗೆಯ ಪಾಠ. ಅಲೆಗಳ ಅಧ್ಯಾಯ ಓದುತ್ತಿರುವವರಿಗೂ, ತಂತಿವಾದ್ಯ ಕೊಳ್ಳಬೇಕೆಂದಿರುವವರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ನೀಲಗುಂದದವನು. ಎರಡು ರಜೆಗಳಲ್ಲಿ ಹರಪನಹಳ್ಳಿಯ ಮೆಕ್ಕೆಜೋಳದ ಗೋದಾಮಿನಲ್ಲಿ ಚೀಲ ಎಣಿಸಿ, ತೂಕ ಬರೆದು ಈ ಹಣ ಕೂಡಿಟ್ಟಿದ್ದೆ. ದಾವಣಗೆರೆಯ ಒಂದು ಅಂಗಡಿಯಲ್ಲಿ ಹೊರದೇಶದಿಂದ ಬಂದ ಹೊಸ ಗಿಟಾರ್‌ಗೆ 8,800 ರೂಪಾಯಿ ಹೇಳಿದ್ದರು. ಮನೆಯ ಗೋಡೆಯ ಮೇಲೆ ನಮ್ಮ ಚಾಚಾ ಅವರ ಹಳೆಯ ಗಿಟಾರ್ ತೂಗುತ್ತಿತ್ತು. ಅವರು ಮೊದಲು ಮದುವೆ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದರು, ಈಗ ದಮ್ಮಾಮ್‌ನಲ್ಲಿ ಗಾಡಿ ಓಡಿಸುತ್ತಾರೆ. ಗಿಟಾರ್ ಒಳಗಿನ ಚೀಟಿಯಲ್ಲಿ ಕಂಪನಿಯ ಹೆಸರು ಅಳಿಸಿಹೋಗಿದೆ. ‘ಕಲ್ಕತ್ತಾ’ ಎಂಬ ಊರ ಹೆಸರು ಮಾತ್ರ ಓದಲು ಬರುತ್ತದೆ. ಆ ಊರು ಅಧಿಕೃತವಾಗಿ ಕೋಲ್ಕತ್ತಾ ಆದದ್ದು 2001ರಲ್ಲಿ. ಹಾಗಾಗಿ ಅದಕ್ಕೂ ಹಿಂದಿನ ಗಿಟಾರ್ ಇರಬೇಕು.

ಗಿಟಾರ್ ಕಲಿಯಬೇಕೋ ಬೇಡವೋ ಎಂಬುದು ಆಯಾ ಮನೆಯವರು ಮಾತಾಡಿಕೊಳ್ಳುವ ವಿಷಯ. ಅದನ್ನು ಇಲ್ಲಿ ಎತ್ತುವುದಿಲ್ಲ. ನಮ್ಮ ಅಬ್ಬಾ ಎರಡು ಷರತ್ತು ಹಾಕಿ ಒಪ್ಪಿದ್ದರು: ಓದು ಕೆಡಬಾರದು, ದುಡ್ಡು ಹಾಳಾಗಬಾರದು. ಅಮ್ಮಿ ಏನೂ ಹೇಳಲಿಲ್ಲ. ಆದರೆ ತಂಗಿ ಎಸ್ಸೆಸ್ಸೆಲ್ಸಿ ಮುಗಿಸಿದ್ದಳು, ಜೂನ್‌ನಲ್ಲಿ ಅವಳನ್ನೂ ಪಿಯುಸಿಗೆ ಸೇರಿಸಬೇಕಿತ್ತು. ಫೀಸು, ಪುಸ್ತಕ, ಬಸ್ ಪಾಸಿನ ಲೆಕ್ಕ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಗೆಳೆಯರು, ‘ಲೇ, ಇಂಪೋರ್ಟೆಡ್ ಅಂದ್ರೆ ಇಂಪೋರ್ಟೆಡ್, ಅದನ್ನೇ ತಗೋ’ ಎಂದರು. ಚಾಚಾ ಫೋನಿನಲ್ಲಿ, ‘ಹಳೇ ಮರದ ದನಿನೇ ಬೇರೆ ಬೇಟಾ, ಅದು ನಿಂದೇ ಅಂತ ತಿಳ್ಕೋ’ ಎಂದರು. ನಮ್ಮ ಭೌತಶಾಸ್ತ್ರದ ಸರ್ ಇಬ್ಬರ ಮಾತನ್ನೂ ಕೇಳಿ ನಕ್ಕರು. ‘ತಾನು ಯಾವ ದೇಶದ ಗಿಟಾರ್ ಮೇಲೆ ಇದ್ದೀನಿ ಅಂತ ತಂತಿಗೆ ಗೊತ್ತಿರಲ್ಲಪ್ಪಾ. ಸ್ಕೇಲ್ ತಗೊಂಡು ಅಳತೆ ಮಾಡು’ ಎಂದರು.

1. ತಂತಿಯ ನಿಯಮ

ಎಳೆದು ಕಟ್ಟಿದ ತಂತಿಯ ಆವೃತ್ತಿ ಮೂರು ಸಂಗತಿಗಳಿಂದ ನಿರ್ಧಾರವಾಗುತ್ತದೆ. ತಂತಿಯ ಉದ್ದ ‘ಉ’, ಎಳೆತ ‘ಎ’, ಒಂದು ಮೀಟರ್ ತಂತಿಯ ದ್ರವ್ಯರಾಶಿ ‘ದ’ ಎಂದಿಟ್ಟುಕೊಂಡರೆ:

ಆವೃತ್ತಿ = (1 ÷ 2ಉ) × √(ಎ ÷ ದ)

ಉದ್ದ ಅರ್ಧವಾದರೆ ಆವೃತ್ತಿ ಎರಡರಷ್ಟಾಗುತ್ತದೆ. ಎಳೆತ ನಾಲ್ಕರಷ್ಟಾದರೆ ಆವೃತ್ತಿ ಎರಡರಷ್ಟು. ತಂತಿ ದಪ್ಪವಾದಷ್ಟೂ ಸ್ವರ ಕೆಳಗಿಳಿಯುತ್ತದೆ. ಸೊನೊಮೀಟರ್‌ನಲ್ಲಿ ತೂಕದ ಬಿಲ್ಲೆ ಹಾಕಿ, ಕೆಳಗಿನ ಕುದುರೆಗಳನ್ನು ಸರಿಸಿ ನಾವು ನೋಡಿದ್ದು ಇದನ್ನೇ. ಗಿಟಾರ್‌ನಲ್ಲಿ ಬಿಲ್ಲೆಯ ಬದಲು ತಂತಿ ಬಿಗಿಮಾಡುವ ಕಿವಿಗಳಿವೆ, ಕುದುರೆಯ ಬದಲು ಫ್ರೆಟ್ ಎಂಬ ಲೋಹದ ಪಟ್ಟಿಗಳಿವೆ.

ಗಿಟಾರ್‌ನ ಆರು ತಂತಿಗಳನ್ನು ಸಾಮಾನ್ಯವಾಗಿ 82.4, 110, 146.8, 196, 246.9 ಮತ್ತು 329.6 ಹರ್ಟ್ಜ್‌ಗೆ ಶ್ರುತಿ ಮಾಡುತ್ತಾರೆ. ಒಂದೊಂದು ಫ್ರೆಟ್ ಮೇಲೇರಿದಾಗಲೂ ಆವೃತ್ತಿ 1.0595 ಪಟ್ಟು ಹೆಚ್ಚುತ್ತದೆ. ಹನ್ನೆರಡು ಸಲ ಹಾಗೆ ಗುಣಿಸಿದರೆ ಸರಿಯಾಗಿ 2 ಬರುತ್ತದೆ. ಆದ್ದರಿಂದ 12ನೇ ಫ್ರೆಟ್ ತಂತಿಯ ನಟ್ಟನಡುವೆ ಇರಬೇಕು. ಗಿಟಾರ್ ಪರೀಕ್ಷೆಗೆ ಇದೇ ಆಧಾರ.

2. ಮೊದಲ ಅಳತೆ: ಉದ್ದ

ತಂತಿ ಕತ್ತಿನ ತುದಿಯಲ್ಲಿ ಕೂರುವ ಪಟ್ಟಿಗೆ ನಟ್ ಎನ್ನುತ್ತಾರೆ, ಹೊಟ್ಟೆಯ ಮೇಲೆ ಕೂರುವ ಬಿಳಿ ಪಟ್ಟಿಗೆ ಸ್ಯಾಡಲ್ ಎನ್ನುತ್ತಾರೆ. ನಟ್‌ನಿಂದ 12ನೇ ಫ್ರೆಟ್‌ಗೆ ಮತ್ತು ಅಲ್ಲಿಂದ ಸ್ಯಾಡಲ್‌ಗೆ ಎಷ್ಟು ದೂರ ಎಂದು ತೆಳುವಾದ ತಂತಿಯ ಕೆಳಗೆ ಅಳೆದೆ.

ಚಾಚಾ ಅವರ ಗಿಟಾರ್‌ನಲ್ಲಿ 325 ಮಿ.ಮೀ. ಮತ್ತು 325 ಮಿ.ಮೀ. ಸರಿಸಮ. ನನಗೆ ಖುಷಿಯಾಯಿತು.

ಮರುವಾರ ಉಕ್ಕಿನ ಸ್ಕೇಲ್ ಹಿಡಿದು ದಾವಣಗೆರೆಯ ಅಂಗಡಿಗೆ ಹೋದೆ. ಅಂಗಡಿಯವರು, ‘ತಮ್ಮಾ, ಗಿಟಾರ್ ತಗಳಾಕೆ ಬಂದೀಯೋ, ಬಡಗಿ ಕೆಲ್ಸಕ್ಕೆ ಬಂದೀಯೋ?’ ಎಂದರು. ಆದರೂ ಅಳೆಯಲು ಬಿಟ್ಟರು. ಹೊಸ ಗಿಟಾರ್‌ನಲ್ಲಿ 317 ಮತ್ತು 318 ಮಿ.ಮೀ. ಇತ್ತು. ಒಟ್ಟು ಉದ್ದ ಗಿಟಾರ್‌ನಿಂದ ಗಿಟಾರ್‌ಗೆ ಬೇರೆ ಇರುತ್ತದೆ, ಅದು ದೋಷವಲ್ಲ. ಆದರೆ ಎರಡು ಭಾಗಗಳಲ್ಲಿ 1 ಮಿ.ಮೀ. ವ್ಯತ್ಯಾಸ ಏಕೆ? ಹೊಸದೇ ತಪ್ಪು, ಹಳೆಯದೇ ಸರಿ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ. ಮುಂದಿನ ಅಳತೆ ಮಾಡಿದಾಗ ಗೊತ್ತಾಯಿತು, ತಪ್ಪು ತಿಳಿದದ್ದು ನಾನೇ.

3. ಎರಡನೆಯ ಅಳತೆ: ತಂತಿಯ ಎತ್ತರ

12ನೇ ಫ್ರೆಟ್ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಎಂದು ನೋಡಬೇಕು. ಹೊಸದರಲ್ಲಿ 2 ಮಿ.ಮೀ., ಚಾಚಾ ಅವರದರಲ್ಲಿ 4 ಮಿ.ಮೀ. ಇತ್ತು. ತಂತಿ ಎತ್ತರವಿದ್ದರೆ ಬೆರಳು ನೋಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಪೈಥಾಗೊರಸ್ ಪ್ರಮೇಯ ಮತ್ತು ಯಂಗ್‌ನ ಗುಣಾಂಕ ಎರಡನ್ನೂ ಬಳಸಿ ಲೆಕ್ಕ ಮಾಡೋಣ.

650 ಮಿ.ಮೀ. ತಂತಿಯನ್ನು ನಡುವೆ 4 ಮಿ.ಮೀ. ಕೆಳಗೆ ಒತ್ತಿದಾಗ ಎರಡು ಲಂಬಕೋನ ತ್ರಿಭುಜಗಳಾಗುತ್ತವೆ. ಒಂದೊಂದರ ವಿಕರ್ಣ √(325² + 4²) = 325.025 ಮಿ.ಮೀ. ಎರಡೂ ಸೇರಿ ತಂತಿ ಸುಮಾರು 0.05 ಮಿ.ಮೀ. ಹಿಗ್ಗಿತು. ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ, ಅಷ್ಟೇ.

ತೆಳುವಾದ ಉಕ್ಕಿನ ತಂತಿಯ ವ್ಯಾಸ 0.305 ಮಿ.ಮೀ. ಇದ್ದರೆ ಅಡ್ಡಕೊಯ್ತದ ವಿಸ್ತೀರ್ಣ 0.073 ಚದರ ಮಿ.ಮೀ. ಉಕ್ಕಿನ ಯಂಗ್ ಗುಣಾಂಕ ಒಂದು ಚದರ ಮಿ.ಮೀ.ಗೆ ಸುಮಾರು 2,00,000 ನ್ಯೂಟನ್. ಹಿಗ್ಗಿದ ಪ್ರಮಾಣ 0.049 ÷ 650 = 0.000075. ಮೂರನ್ನೂ ಗುಣಿಸಿದರೆ ಎಳೆತ ಸುಮಾರು 1.1 ನ್ಯೂಟನ್ ಹೆಚ್ಚಿತು. ಈ ತಂತಿಯನ್ನು 329.6 ಹರ್ಟ್ಜ್‌ಗೆ ಶ್ರುತಿ ಮಾಡಿದಾಗ ಇರುವ ಎಳೆತ ಸುಮಾರು 105 ನ್ಯೂಟನ್. ಅಂದರೆ ಎಳೆತ ಶೇ. 1ರಷ್ಟು ಏರಿತು. ಆವೃತ್ತಿ ಎಳೆತದ ವರ್ಗಮೂಲಕ್ಕೆ ಅನುಪಾತದಲ್ಲಿರುವುದರಿಂದ ಅದು ಶೇ. 0.5ರಷ್ಟು ಏರುತ್ತದೆ. 12ನೇ ಫ್ರೆಟ್‌ನಲ್ಲಿ 659.3 ಹರ್ಟ್ಜ್ ಬರಬೇಕಾದ ಸ್ವರ 663ರ ಹತ್ತಿರ ಹೋಗಬೇಕು.

ಮನೆಗೆ ಬಂದು ಹೊಸ ತಂತಿ ಹಾಕಿ, ಫೋನಿನ ಟ್ಯೂನರ್ ಆ್ಯಪ್‌ನಲ್ಲಿ ನೋಡಿದೆ. 663! ನನ್ನ ಲೆಕ್ಕ ನಿಜವಾಗಿ ಕಂಡದ್ದು ಅದೇ ಮೊದಲು. ಅಂಗಡಿಯ ಗಿಟಾರ್ 659 ತೋರಿಸಿತ್ತು.

ಈಗ ಆ 1 ಮಿ.ಮೀ. ವ್ಯತ್ಯಾಸದ ಗುಟ್ಟು ಬಿಟ್ಟಿತು. ಒತ್ತಿದಾಗ ಸ್ವರ ಏರುತ್ತದೆ ಎಂದು ತಿಳಿದೇ ತಯಾರಕರು ಸ್ಯಾಡಲನ್ನು ಒಂದಿಷ್ಟು ಹಿಂದೆ ಸರಿಸಿರುತ್ತಾರೆ. ಉದ್ದ ಹೆಚ್ಚಿ ಇಳಿಯುವ ಆವೃತ್ತಿ, ಎಳೆತ ಹೆಚ್ಚಿ ಏರುವ ಆವೃತ್ತಿಯನ್ನು ಸರಿದೂಗಿಸುತ್ತದೆ. ಸರಿಸಮ ಇದ್ದದ್ದೇ ಚಾಚಾ ಅವರ ಗಿಟಾರ್‌ನ ಕೊರತೆಯಾಗಿತ್ತು.

ನೆನಪಿಡಬೇಕಾದ ಸೂತ್ರ ಇಷ್ಟು: ಹಿಗ್ಗುವಿಕೆ ಎತ್ತರದ ವರ್ಗಕ್ಕೆ ಅನುಪಾತದಲ್ಲಿದೆ. ಎತ್ತರ ಅರ್ಧವಾದರೆ ದೋಷ ಕಾಲು ಭಾಗಕ್ಕೆ ಇಳಿಯುತ್ತದೆ.

4. ಕಿವಿಯ ಪರೀಕ್ಷೆ: ಬೀಟ್ಸ್

ಆ್ಯಪ್ ನಂಬದವರು ಕಿವಿಯನ್ನು ನಂಬಬಹುದು. ಒಂದು ಫೋನಿನಿಂದ 659.3 ಹರ್ಟ್ಜ್ ಸ್ವರ ಹೊರಡಿಸಿ, ಅದೇ ಹೊತ್ತಿಗೆ 12ನೇ ಫ್ರೆಟ್ ಒತ್ತಿ ತಂತಿ ಮೀಟಿ. ಎರಡೂ ಒಂದೇ ಆಗಿದ್ದರೆ ದನಿ ನೇರವಾಗಿ ಹರಿಯುತ್ತದೆ. 663 ಆಗಿದ್ದರೆ ಸೆಕೆಂಡಿಗೆ ಮೂರು-ನಾಲ್ಕು ಸಲ ‘ವಾಂವ್ ವಾಂವ್’ ಎಂದು ಏರಿಳಿಯುತ್ತದೆ. ಎರಡು ಆವೃತ್ತಿಗಳ ವ್ಯತ್ಯಾಸವೇ ಒಂದು ಸೆಕೆಂಡಿನ ಬೀಟ್ಸ್ ಸಂಖ್ಯೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆಯುವ ಈ ವಾಕ್ಯವನ್ನು ನಾನು ಕಿವಿಯಾರೆ ಎಣಿಸಿದೆ. ತಂಗಿಯೂ ಪಕ್ಕದಲ್ಲಿ ಕೂತು ಎಣಿಸಿದಳು. ಅವಳ ಎಣಿಕೆಯೇ ಹೆಚ್ಚು ಸರಿ ಇತ್ತು.

5. ಮೂರನೆಯ ಅಳತೆ: ಕತ್ತು ಮತ್ತು ಹೊಟ್ಟೆ

ಉಕ್ಕಿನ ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕೆ.ಜಿ. ತೂಕಕ್ಕೆ ಸಮ. ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ಜೋತುಬಿದ್ದ ಹಾಗೆ. ವರ್ಷಗಟ್ಟಲೆ ಹೀಗೆ ಎಳೆದರೆ ಕತ್ತು ಬಿಲ್ಲಿನಂತೆ ಬಾಗಬಹುದು, ಸ್ಯಾಡಲ್ ಹಿಂದಿನ ಹಲಗೆ ಉಬ್ಬಬಹುದು. ಹಳೆಯ ಗಿಟಾರ್‌ನಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಕತ್ತು ನೋಡಲು ಬೇರೆ ಉಪಕರಣ ಬೇಡ. ಒಂದೇ ತಂತಿಯನ್ನು 1ನೇ ಮತ್ತು 14ನೇ ಫ್ರೆಟ್‌ನಲ್ಲಿ ಒಟ್ಟಿಗೆ ಒತ್ತಿ ಹಿಡಿಯಿರಿ. ಬಿಗಿದ ತಂತಿ ಸರಳ ರೇಖೆ. 7ನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಒಂದು ಕಾಗದ ನುಸುಳುವಷ್ಟು ಸಂದು ಇದ್ದರೆ ಕತ್ತು ಚೆನ್ನಾಗಿದೆ. ಚಾಚಾ ಅವರದು ಹಾಗಿತ್ತು. ಆರ್ಕೆಸ್ಟ್ರಾ ಬಿಟ್ಟ ದಿನವೇ ಅವರು ತಂತಿ ಸಡಿಲಿಸಿ ತೂಗುಹಾಕಿದ್ದರಂತೆ. ಅದೇ ಅದನ್ನು ಉಳಿಸಿರಬೇಕು.

ಕೊಟ್ಟೂರು ಕಡೆಯ ನಮ್ಮ ಸಹಪಾಠಿಯೊಬ್ಬ ತನ್ನ ಮಾಮುವಿನ ಹಳೆಯ ಗಿಟಾರ್ ತಂದಿದ್ದ. ಅದರಲ್ಲಿ ಆ ಸಂದು 3 ಮಿ.ಮೀ. ಇತ್ತು, ಹೊಟ್ಟೆಯೂ ಉಬ್ಬಿತ್ತು. ಕತ್ತಿನೊಳಗೆ ಬಾಗು ತಿದ್ದುವ ಉಕ್ಕಿನ ಸರಳು ಇದ್ದರೆ ತಿರುಗಿಸಿ ಸರಿಮಾಡಬಹುದು. ಅದರಲ್ಲಿ ಸರಳೂ ಇರಲಿಲ್ಲ. ಅವನಿಗೆ ನಾವೆಲ್ಲ ಹೇಳಿದ್ದು ಒಂದೇ ಮಾತು: ಇದನ್ನು ನೆನಪಿಗೆ ಇಟ್ಟುಕೋ, ನುಡಿಸಲು ಹೊಸದು ಕೊಳ್ಳು. ಹಾಗಾಗಿ ಹಳೆಯದೇ ಒಳ್ಳೆಯದು ಎಂದು ನಾನು ಈ ಲೇಖನದಲ್ಲಿ ಹೇಳುತ್ತಿಲ್ಲ.

6. ‘ವಿದೇಶಿ’ ಮತ್ತು ‘ಹಳೇ ಮರ’

ಗೆಳೆಯರ ‘ಇಂಪೋರ್ಟೆಡ್’ ಎಂಬ ಮಾತೂ ನಾವಂದುಕೊಂಡಷ್ಟು ಸರಳವಲ್ಲ. ಯಮಹಾ ಎಂಬುದು ಜಪಾನಿನ ಹೆಸರು, ಆದರೆ ಆ ಹೆಸರಿನ ಅನೇಕ ಗಿಟಾರ್‌ಗಳು ಇಂಡೋನೇಷ್ಯಾದಲ್ಲಿ ತಯಾರಾಗುತ್ತವೆ. 2019ರಲ್ಲಿ ಆ ಕಂಪನಿ ಚೆನ್ನೈ ಹತ್ತಿರವೂ ವಾದ್ಯಗಳ ಕಾರ್ಖಾನೆ ತೆರೆಯಿತು. ಅಲ್ಲಿ ಗಿಟಾರ್ ಕೂಡ ತಯಾರಾಗುತ್ತದೆ. ಒಂದೇ ಹೆಸರಿನ ಎರಡು ಗಿಟಾರ್‌ಗಳಲ್ಲಿ ಒಂದು ವಿದೇಶಿ, ಒಂದು ಸ್ವದೇಶಿ ಇರಬಹುದು. ಹೆಸರು ನೋಡಿ ಗುಣ ಹೇಳಲಾಗದು. ಯಂತ್ರದಲ್ಲಿ ಕೊರೆದ ಫ್ರೆಟ್‌ಗಳ ನಿಖರತೆ, ಕತ್ತಿನೊಳಗಿನ ಸರಳು, ಸರಿಯಾದ ಸ್ಯಾಡಲ್ ಇವೇ ಹೊಸ ಗಿಟಾರ್‌ನ ನಿಜವಾದ ಲಾಭ.

ಚಾಚಾ ಹೇಳಿದ ‘ಹಳೇ ಮರದ ದನಿ’ಯೂ ಹಾಗೆಯೇ. ಒಂದೇ ಹಲಗೆಯ ಮರವಾದರೆ ಆ ಮಾತಿಗೆ ಅರ್ಥವಿದೆ. ಗಿಟಾರ್ ಹೊಟ್ಟೆಯ ರಂಧ್ರದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಮೇಲಿನ ಗೆರೆಗಳು ಅಂಚಿನಲ್ಲೂ ಹಾಗೇ ಮುಂದುವರಿದರೆ ಒಂದೇ ಹಲಗೆ. ಪದರ ಪದರವಾಗಿ ಕಂಡರೆ ಪ್ಲೈವುಡ್. ಚಾಚಾ ಅವರದರಲ್ಲಿ ಮೂರು ಪದರ ಕಂಡವು. ಅವರಿಗೆ ಇದನ್ನು ಇನ್ನೂ ಹೇಳಿಲ್ಲ! ಆದರೆ ಪ್ಲೈವುಡ್‌ಗೆ ಒಂದು ಅನುಕೂಲವಿದೆ. ನಮ್ಮ ಕಡೆಯ ಒಣ ಬೇಸಿಗೆಯಲ್ಲಿ ಒಂದೇ ಹಲಗೆಯ ಮರ ಕುಗ್ಗಿ ಬಿರುಕು ಬಿಡಬಹುದು, ಪ್ಲೈವುಡ್ ಅಷ್ಟು ಬೇಗ ಬಿಡುವುದಿಲ್ಲ.

7. ದುರಸ್ತಿ

ಉಳಿದ ಪ್ರಶ್ನೆ ಒಂದೇ: 4 ಮಿ.ಮೀ. ಎತ್ತರವನ್ನು ಇಳಿಸಬಹುದೇ? ಸ್ಯಾಡಲ್ ಕೆಳಗಿನಿಂದ ಉಜ್ಜಿ ಗಿಡ್ಡ ಮಾಡಬೇಕು. 12ನೇ ಫ್ರೆಟ್ ನಡುವೆ ಇರುವುದರಿಂದ, ಸಮರೂಪ ತ್ರಿಭುಜಗಳ ಪ್ರಕಾರ, ಅಲ್ಲಿ 1 ಮಿ.ಮೀ. ಇಳಿಯಲು ಸ್ಯಾಡಲ್‌ನಲ್ಲಿ 2 ಮಿ.ಮೀ. ಇಳಿಸಬೇಕು. ಚಾಚಾ ಅವರ ಗಿಟಾರ್‌ನಲ್ಲಿ ಸ್ಯಾಡಲ್ 5 ಮಿ.ಮೀ. ಹೊರಗಿತ್ತು, ಆದ್ದರಿಂದ ಜಾಗ ಇತ್ತು. ಆದರೆ ಕೈ ಹಾಕಲು ಹೆದರಿದೆ.

ಆಗ ಸರ್ ಮೀರಜ್ ವಿಷಯ ಹೇಳಿದರು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೀರಜ್ ನಮ್ಮ ಗಡಿಗೆ ಹತ್ತಿರದ ಊರು. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮುಸ್ಲಿಂ ಕುಟುಂಬಗಳು 19ನೇ ಶತಮಾನದಲ್ಲಿ ಅಲ್ಲಿ ಸಿತಾರ್, ತಂಬೂರಿ ಮಾಡಲು ತೊಡಗಿದವು. ಫರೀದ್‌ಸಾಹೇಬ್ ಅವರ ಹೆಸರು ಆ ಪರಂಪರೆಯ ಆರಂಭಕ್ಕೆ ಸೇರಿದ್ದು. ಮೀರಜ್‌ನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ತಂಬೂರಿಯ ಕುದುರೆಯ ಮೇಲ್ಮೈಯನ್ನು ಅವರು ಅರದಿಂದ ಕೂದಲೆಳೆಯಷ್ಟು ಉಜ್ಜಿ ಉಜ್ಜಿ ದನಿ ತರಿಸುತ್ತಾರೆ. ಇದಕ್ಕೆ ಜವಾರಿ ಎನ್ನುತ್ತಾರೆ. ಸವೆದರೆ ಮತ್ತೆ ಜವಾರಿ ಮಾಡಿಸಿಕೊಳ್ಳುತ್ತಾರೆ, ವಾದ್ಯವನ್ನು ಎಸೆಯುವುದಿಲ್ಲ. ಮುಂದೆ ಮೀರಜ್‌ನಲ್ಲೇ ನೆಲೆಸಿದ ಉಸ್ತಾದ್ ಅಬ್ದುಲ್ ಕರೀಂ ಖಾನ್ ಅವರ ಹಾಡಿನ ಸ್ವರಗಳನ್ನು ಸಾಂಗ್ಲಿಯ ಕೆ. ಬಿ. ದೇವಲ್ ಅವರು ಅಳೆದು, ಶ್ರುತಿಗಳ ಬಗ್ಗೆ 1910ರಲ್ಲಿ ಪುಸ್ತಕ ಪ್ರಕಟಿಸಿದರು. ‘ಅಳೆಯೋದು, ಉಜ್ಜೋದು ನಮ್ಮ ಕಡೆಯವರಿಗೆ ಹೊಸದಲ್ಲಪ್ಪಾ’ ಎಂದರು ಸರ್.

ಗಾಜಿನ ಮೇಲೆ ಪಾಲಿಶ್ ಪೇಪರ್ ಇಟ್ಟು, ಸ್ಯಾಡಲ್ ಮೇಲೆ ಪೆನ್ಸಿಲ್ ಗೆರೆ ಎಳೆದು ಉಜ್ಜಿದೆ. ಅರ್ಧ ಮಿ.ಮೀ. ಉಜ್ಜಿದಾಗಲೊಮ್ಮೆ ಕೂರಿಸಿ ನೋಡಿದೆ. ಉಜ್ಜಿದ್ದನ್ನು ಮತ್ತೆ ಅಂಟಿಸಲಾಗದು, ಅದಕ್ಕೇ ನಿಧಾನ ಮುಖ್ಯ. ಎತ್ತರ 3 ಮಿ.ಮೀ.ಗೆ ಬಂದಾಗ ಆ್ಯಪ್ 661 ತೋರಿಸಿತು. ಆಮೇಲೆ ಸ್ಯಾಡಲ್‌ನ ತಲೆಯನ್ನು ಮುಂದಕ್ಕೆ ಇಳಿಜಾರು ಮಾಡಿದೆ. ತಂತಿ ಈಗ ಅದರ ಹಿಂದಿನ ಅಂಚಿನ ಮೇಲೆ ಕೂರುತ್ತದೆ, ಅಂದರೆ ಉದ್ದ 1 ಮಿ.ಮೀ. ಹೆಚ್ಚಿತು. 660 ಬಂತು. ಬೀಟ್ಸ್ ಸೆಕೆಂಡಿಗೆ ಒಂದರಷ್ಟಾಯಿತು.

8. ತೀರ್ಮಾನ

ತಂತಿ, ಪಾಲಿಶ್ ಪೇಪರ್, ಒಂದು ಸೆಟ್ ಕಿವಿ ಸೇರಿ 1,150 ರೂಪಾಯಿ ಖರ್ಚಾಯಿತು. ಅಂಗಡಿಯ ಗಿಟಾರ್ ಈಗಲೂ ನನ್ನದಕ್ಕಿಂತ ಚೆನ್ನಾಗಿದೆ. ಅದರ ದನಿ ತುಂಬಿಕೊಂಡಿದೆ, ಬೆರಳಿಗೂ ಹಗುರ. ಆದರೆ ಕಲಿಯಲು ಆರಂಭಿಸುವವನಿಗೆ ಆ ವ್ಯತ್ಯಾಸದ ಬೆಲೆ 7,650 ರೂಪಾಯಿ ಅಲ್ಲ ಎಂದು ನನಗೆ ಅನಿಸಿತು. ಉಳಿದ ಹಣ ತಂಗಿಯ ಅಡ್ಮಿಷನ್‌ಗೆ ಹೋಯಿತು. ಈಗ ಇಬ್ಬರೂ ಒಂದೇ ಬಸ್ಸಿಗೆ ಬರುತ್ತೇವೆ. ಅವಳು ವಿಜ್ಞಾನವನ್ನೇ ತೆಗೆದುಕೊಂಡಿದ್ದಾಳೆ.

ನೀವು ಆರಿಸುವಾಗ ಈ ಕ್ರಮ ಅನುಸರಿಸಿ:

1. ಮೊದಲು ಕತ್ತು ಮತ್ತು ಹೊಟ್ಟೆ ನೋಡಿ. ಬಾಗಿ ಉಬ್ಬಿದ್ದು, ಕತ್ತಿನಲ್ಲಿ ಸರಳೂ ಇಲ್ಲದಿದ್ದರೆ ಹಳೆಯದನ್ನು ಬಿಡಿ.
2. 12ನೇ ಫ್ರೆಟ್‌ನ ಎರಡೂ ಬದಿಯ ಉದ್ದ ಅಳೆಯಿರಿ.
3. ತಂತಿಯ ಎತ್ತರ ಅಳೆಯಿರಿ, ಸ್ಯಾಡಲ್ ಇಳಿಸಲು ಜಾಗವಿದೆಯೇ ನೋಡಿ.
4. ಬೀಟ್ಸ್ ಎಣಿಸಿ.
5. ದುರಸ್ತಿಯ ಖರ್ಚು ಸೇರಿಸಿ, ಆಮೇಲೆ ಬೆಲೆ ಹೋಲಿಸಿ.
6. ನೈಲಾನ್ ತಂತಿಗೆಂದು ಮಾಡಿದ ಗಿಟಾರ್‌ಗೆ ಉಕ್ಕಿನ ತಂತಿ ಹಾಕಬೇಡಿ. ಹೆಚ್ಚಿನ ಎಳೆತಕ್ಕೆ ಅದು ಹಾಳಾಗುತ್ತದೆ.

ಅಳತೆ, ತೂಕ ಸರಿಯಾಗಿರಬೇಕು ಎಂಬ ಮಾತನ್ನು ಜುಮ್ಮಾ ಖುತ್ಬಾದಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅದು ಮಾರುವವರಿಗೆ ಹೇಳಿದ್ದು ಎಂದುಕೊಂಡಿದ್ದೆ. ಕೊಳ್ಳುವವನೂ ಅಳೆಯದೆ ಒಂದನ್ನು ಹೊಗಳಿ ಇನ್ನೊಂದನ್ನು ತೆಗಳಿದರೆ ಅದೂ ಸುಳ್ಳು ತೂಕವೇ ಎಂದು ಈಗ ಅನಿಸುತ್ತದೆ.

ಅಭ್ಯಾಸಕ್ಕೆ ನಾಲ್ಕು ಪ್ರಶ್ನೆಗಳು

1. 650 ಮಿ.ಮೀ. ಉದ್ದದ ಗಿಟಾರ್‌ನಲ್ಲಿ 7ನೇ ಫ್ರೆಟ್ ನಟ್‌ನಿಂದ ಎಷ್ಟು ದೂರದಲ್ಲಿರಬೇಕು? (1.0595ನ್ನು ಏಳು ಸಲ ಗುಣಿಸಿದರೆ 1.498)
2. ಆವೃತ್ತಿ ಶೇ. 1ರಷ್ಟು ಏರಬೇಕಾದರೆ ಎಳೆತ ಸುಮಾರು ಎಷ್ಟು ಏರಬೇಕು?
3. 12ನೇ ಫ್ರೆಟ್‌ನಲ್ಲಿ ಎತ್ತರ ಅರ್ಧ ಮಿ.ಮೀ. ಇಳಿಸಲು ಸ್ಯಾಡಲ್ ಎಷ್ಟು ಇಳಿಸಬೇಕು?
4. ಎತ್ತರ 4ರಿಂದ 3 ಮಿ.ಮೀ.ಗೆ ಇಳಿದರೆ ದೋಷ ಎಷ್ಟು ಭಾಗ ಉಳಿಯುತ್ತದೆ?

ಉತ್ತರಗಳು: 1) ಸುಮಾರು 216 ಮಿ.ಮೀ. 2) ಶೇ. 2. 3) 1 ಮಿ.ಮೀ. 4) ಹದಿನಾರರಲ್ಲಿ ಒಂಬತ್ತು ಭಾಗ.